ಎಮ್ಮೆ ಹೆಸರಿನ ಪಾಸ್‌ವರ್ಡ್

ನಮ್ಮೂರಿನಲ್ಲಿ ಆಷಾಢದ ಮೊದಲ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಗಾಳಿ ಏಳುತ್ತದೆ, ಹನ್ನೊಂದಕ್ಕೆ ನಿಲ್ಲುತ್ತದೆ, ಅಷ್ಟರಲ್ಲಿ ಎಲ್ಲರ ಹೆಸರೂ ಉದುರಿ ಹೋಗಿರುತ್ತದೆ. ಹೆಸರು ಮಾತ್ರ. ಯಾರು ಯಾರ ಮಗ, ಯಾರು ಯಾರ ಹೊಲದ ಬದು ಒತ್ತಿದ್ದಾನೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಇವೆಲ್ಲ ಚೆನ್ನಾಗಿ ನೆನಪಿರುತ್ತವೆ. ಬಾಗಿಲ ಮೇಲೆ ಬರೆಸಿದ್ದು, ಮದುವೆ ಕಾಗದದಲ್ಲಿ ಅಚ್ಚಾಗಿದ್ದು, ಗೋರಿ ಕಲ್ಲಿನಲ್ಲಿ ಕೆತ್ತಿದ್ದು, ಕೈ ಮೇಲೆ ಹುಯ್ಯಿಸಿಕೊಂಡ ಹಚ್ಚೆ, ಎಲ್ಲ ಕಡೆ ಹೆಸರಿದ್ದ ಜಾಗ ಬೋಳು. ಅವತ್ತು ಮೇಷ್ಟ್ರು ಹಾಜರಿ ಕೂಗುವುದಿಲ್ಲ, ಪೋಸ್ಟಿನವನು ರಜೆ ಹಾಕುತ್ತಾನೆ. ಬೀದಿಯಲ್ಲಿ "ಏ ಹಸಿರು ಟವೆಲ್ಲು" ಅಂತ ಕೂಗಿದರೆ ಮೂರು ಜನ ತಿರುಗಿ ನೋಡುತ್ತಾರೆ. ದನ, ನಾಯಿಗಳ ಹೆಸರಿಗೆ ಏನೂ ಆಗುವುದಿಲ್ಲ. ನಾನು ಈಗ ಕೂತು ಬರೆಯುತ್ತಿರುವುದರಿಂದ ಹೆಸರು ಹಾಕಿ ಬರೆಯುತ್ತೇನೆ. ಅವತ್ತು ಯಾರಿಗೂ ಇರಲಿಲ್ಲ, ಅದನ್ನು ಮರೆಯಬೇಡಿ.

ಹೊಳೆಯ ಆಚೆಗೆ ಈ ಗಾಳಿ ಇಲ್ಲ. ಅದಕ್ಕೇ ನಮ್ಮ ಹಿರಿಯರು ಊರವರ ಹೆಸರಿನ ಪುಸ್ತಕವನ್ನು ಸೋಮವಾರವೇ ಗೋಣಿಯಲ್ಲಿ ಸುತ್ತಿ, ಗಾಡಿಗೆ ಹಾಕಿ, ಸೇತುವೆ ದಾಟಿಸಿ, ಮಂಗಳವಾರ ಮಧ್ಯಾಹ್ನ ವಾಪಸ್ಸು ತರುತ್ತಿದ್ದರು. ಆ ಪುಸ್ತಕ ಇಡುವ ಹೆಸರುಮನೆಯ ಮುಂದೆ ಜನ ಸಾಲು ನಿಲ್ಲುತ್ತಾರೆ. ಮುಖ ನೋಡಿ, ಮನೆ ನಂಬರು ನೋಡಿ, ಹೆಸರನ್ನು ಗಟ್ಟಿಯಾಗಿ ಓದಿದರೆ ಅದು ಅಂಟಿಕೊಂಡು ಇನ್ನೊಂದು ವರ್ಷ ಇರುತ್ತದೆ. ಹೊತ್ತು ಮುಳುಗುವುದರೊಳಗೆ ಓದಬೇಕು. ಆಮೇಲೆ ಓದಿದರೆ ಅಂಟುವುದಿಲ್ಲ, ಹೊಸ ಹೆಸರೇ ಇಟ್ಟುಕೊಳ್ಳಬೇಕು. ಬದುಕಿರುವವರು ಹೇಗೋ ಹೊಂದಿಕೊಳ್ಳುತ್ತಾರೆ. ಸತ್ತವರಿಗೆ ಹೊಸ ಹೆಸರು ಇಡುವ ಹಾಗಿಲ್ಲ, ಕರೆದರೆ ಓಗೊಡುವವರು ಬೇಕಲ್ಲ. ಅವರ ಹೆಸರನ್ನು ಮನೆಯವರು ಫೋಟೋ ಹಿಡಿದು ಬಂದು ಕೇಳಿ ಪಡೆಯಬೇಕು. ನಮ್ಮ ಮನೆಯಲ್ಲಿ ಹಾಗೆ ಬರುವವರು ನಮ್ಮತ್ತೆ. ಅವರ ಒಬ್ಬನೇ ಮಗ, ಅಂದರೆ ನನ್ನ ಗಂಡ, ಕಾಮಾಲೆಯಾಗಿ ಹೋಗಿ ಆರು ವರ್ಷವಾಯಿತು.

ಹೆಸರುಮನೆಯಲ್ಲಿ ನಾನು ಹತ್ತೊಂಬತ್ತು ವರ್ಷ ನಕಲು ಬರೆದವಳು. ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು. ಹೋದ ವರ್ಷ ಎಲ್ಲಿಂದಲೋ ಒಂದು ಹಳೇ ಕಂಪ್ಯೂಟರು ಬಂತು, ಇನ್ನು ಮೇಲೆ ಹೆಸರುಗಳು ಇದರಲ್ಲೇ ಇರಬೇಕು ಅಂತ ಹೆಸರುಮನೆಯ ಸಮಿತಿಯವರು ತೀರ್ಮಾನ ಮಾಡಿದರು. ಯಾರನ್ನೋ ಕರೆಸುತ್ತೇವೆ ಅಂದಾಗ ನನಗೆ ಉರಿದುಹೋಯಿತು. "ಹತ್ತೊಂಬತ್ತು ವರ್ಷ ಬರೆದ ಕೈ ಇಲ್ಲಿರುವಾಗ ಇನ್ನೊಬ್ಬನ ಕೈ ಯಾಕೆ?" ಅಂದೆ. ಕಲಿಸಿದವರು ಹೊಳೆಯಾಚೆ ಹಿಟ್ಟಿನ ಗಿರಣಿ ಇಟ್ಟಿರುವ ಖಾಸಿಂ ಸಾಬರು. ಅವರಿಗೆ ಈ ಯಂತ್ರಗಳ ಹುಚ್ಚು. ನಮ್ಮದಕ್ಕೆ ಲಿನಕ್ಸ್ ಅನ್ನುವ, ಕಂಪ್ಯೂಟರನ್ನೇ ನಡೆಸುವ ತಂತ್ರಾಂಶ ಹಾಕಿಕೊಟ್ಟರು. ಕಪ್ಪು ಪರದೆ, ಏನು ಬೇಕೋ ಬರೆದು ಹೇಳಬೇಕು. ತಪ್ಪು ಬರೆದರೆ ಮುಲಾಜಿಲ್ಲದೆ ತಪ್ಪು ಅನ್ನುತ್ತದೆ, ಸರಿ ಬರೆದರೆ ತೆಪ್ಪಗೆ ಕೆಲಸ ಮಾಡುತ್ತದೆ. ನನಗೆ ಹಿಡಿಸಿತು. ಮನುಷ್ಯರೂ ಹಾಗೇ ಇದ್ದಿದ್ದರೆ ಅಂದುಕೊಂಡೆ.

ಆಮೇಲೆ ಬ್ಯಾಕಪ್ಪು. ಪುಕ್ಕಟೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶ ಒಂದಿದೆ ಅಂತ ಖಾಸಿಂ ಸಾಬರು ತೋರಿಸಿದರು. ಇಲ್ಲಿರುವುದರ ನಕಲನ್ನು ದಿನಾ ಮಧ್ಯಾಹ್ನ ಎರಡಕ್ಕೆ ತಾನೇ ಗಿರಣಿಯಲ್ಲಿರುವ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತದೆ. ನಿನ್ನೆಗೂ ಇವತ್ತಿಗೂ ಬದಲಾಗಿದ್ದನ್ನು ಮಾತ್ರ ಕಳಿಸುತ್ತದೆ, ಕಳಿಸುವ ಮೊದಲು ಬೀಗ ಹಾಕುತ್ತದೆ. ಗೋಣಿ, ಗಾಡಿ, ಎತ್ತು ಯಾವುದೂ ಬೇಡ. ಅದನ್ನು ಕೂರಿಸಲು ನನಗೆ ಹನ್ನೊಂದು ದಿನ ಹಿಡಿಯಿತು. ಒಂದು ಚುಕ್ಕೆ ಬಿಟ್ಟರೂ ನಿಂತುಬಿಡುತ್ತಿತ್ತು. ಹನ್ನೊಂದನೇ ದಿನ ಅದು ಪಾಸ್‌ವರ್ಡ್ ಕೇಳಿತು, ಕೆಳಗೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬರೆಯಿತು.

"ಇದನ್ನ ಮರೆತರೆ ಒಳಗಿರೋದನ್ನ ಯಾರ ಕೈಲೂ ತೆಗೆಯೋಕಾಗಲ್ಲ ಅಂತ ಬರೆದವ್ರೆ ಅಕ್ಕಾ," ಅಂದರು ಖಾಸಿಂ ಸಾಬರು. "ಒಂದು ಚೀಟೀಲಿ ಬರೆದುಕೊಡಿ, ಗಿರಣೀಲಿ ಇಟ್ಟಿರ್ತೀನಿ."

"ಇಡೀ ಊರಿನ ಹೆಸರಿನ ಬೀಗದಕೈ ರಾಗಿಹಿಟ್ಟಿನ ಜೊತೇಲಾ? ನನಗೇನು ಅರಳುಮರಳಾ?"

"ಆಯ್ತು ಬಿಡಿ. ಮನುಷ್ಯರ ಹೆಸರು ಮಾತ್ರ ಇಡಬೇಡಿ."

"ನಾನು ಈ ಊರಲ್ಲಿ ಹುಟ್ಟಿದೋಳು ಸಾಬ್ರೇ. ನೀವು ಆಚೆಯವರು. ಹೆಸರು ಉದುರೋದು ಹೆಂಗೆ ಅಂತ ನನಗೆ ಹೇಳ್ಕೊಡ್ತೀರಾ?"

ಅವರು ನಕ್ಕು ಮುಖ ಆಚೆ ತಿರುಗಿಸಿದರು. ನಾನು ನಮ್ಮ ಎಮ್ಮೆಯ ಹೆಸರನ್ನು ಒತ್ತಿದೆ, ಖಾತ್ರಿಗೆ ಅದು ಮತ್ತೆ ಕೇಳಿದಾಗ ಇನ್ನೊಂದು ಸಲ ಒತ್ತಿದೆ. ದಿನ ಬೆಳಗಾದರೆ ಕೂಗುವ ಹೆಸರು, ಮರೆಯುವ ಮಾತೇ ಇಲ್ಲ. ದಿನದ ಕೆಲಸ ತಾನೇ ನಡೆಯಲಿ ಅಂತ ಅದನ್ನೇ ಒಂದು ಫೈಲಿನಲ್ಲಿ ಬರೆದು ಹೆಸರುಮನೆಯ ಕಂಪ್ಯೂಟರಿನಲ್ಲೂ ಇಟ್ಟೆ. ಕಾರ್ತಿಕದಲ್ಲಿ ಒಂದು ಸಲ ನಕಲನ್ನು ವಾಪಸ್ಸು ತರಿಸಿ ನೋಡಿದೆವು. ಒಂದಕ್ಷರ ಹೆಚ್ಚುಕಮ್ಮಿ ಇರಲಿಲ್ಲ.

ಆಷಾಢ ಹತ್ತಿರ ಬಂದಾಗ ಸಮಿತಿಯ ಅಧ್ಯಕ್ಷರು ಗುರುಬಸಪ್ಪನವರು ಹೆಸರುಮನೆಗೆ ಬಂದರು. ಸಾಧು ಮನುಷ್ಯ, ನನ್ನನ್ನು ಕಂಡರೆ ಸ್ವಲ್ಪ ಹೆದರಿಕೆ. "ಇದೊಂದು ವರ್ಷ ಪುಸ್ತಕಾನೂ ಗಾಡಿಗೆ ಹಾಕಿ ಕಳಿಸಿಬಿಡೋಣ ಕಣಮ್ಮ. ಗಾಡಿ ಸುಮ್ನೆ ನಿಂತಿದೆ," ಅಂದರು. ಒಳ್ಳೆಯ ಮಾತೇ. ಈಗ ಹೇಳುತ್ತೇನೆ, ಒಳ್ಳೆಯ ಮಾತೇ. ಅವತ್ತು ನನಗೆ ಕಂಡದ್ದು ಅನುಮಾನ ಮಾತ್ರ. "ಕಳಿಸಿ. ಕಳಿಸಿದ ದಿನ ನಾನು ಇಲ್ಲಿರಲ್ಲ," ಅಂದೆ. ಪುಸ್ತಕ ಬೀರುವಿನಲ್ಲೇ ಉಳಿಯಿತು.

ಮಂಗಳವಾರ ಗಾಳಿ ನಿಂತ ಮೇಲೆ ಬೀರು ತೆಗೆದು ನೋಡಿದೆ. ಪುಸ್ತಕದಲ್ಲಿ ಮನೆ ನಂಬರುಗಳಿದ್ದವು, ಎದುರಿಗೆ ಬಿಳೀ ಕಾಗದ. ಕಂಪ್ಯೂಟರಿನಲ್ಲೂ ಅದೇ. ನನಗೆ ಗಾಬರಿಯಾಗಲಿಲ್ಲ, ಆಗಬೇಕಾದದ್ದೇ. ಹೊರಗೆ ಸಾಲು ಬೆಳೆದಿತ್ತು. ಎಲ್ಲರಿಗಿಂತ ಮುಂದೆ ನಮ್ಮತ್ತೆ, ಮಗನ ಫೋಟೋವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು, ಹೆಸರುಮನೆಯ ಜಗಲಿ ಕಂಬಕ್ಕೆ ಒರಗಿ ಕೂತಿದ್ದರು. ನಕಲನ್ನು ವಾಪಸ್ಸು ತರುವ ಆಜ್ಞೆಯನ್ನು ಬರೆದು ಒತ್ತಿದೆ. ಪಾಸ್‌ವರ್ಡ್ ತಪ್ಪು ಅಂದಿತು. ಮತ್ತೆ ಒತ್ತಿದೆ. ಮತ್ತೆ ತಪ್ಪು. ಪಾಸ್‌ವರ್ಡ್ ಬರೆದಿಟ್ಟಿದ್ದ ಫೈಲು ತೆಗೆದು ನೋಡಿದೆ. ಖಾಲಿ.

ಎಮ್ಮೆಯ ಹೆಸರು ಯಾಕೆ ಖಾಲಿಯಾಯಿತು? ಯೋಚನೆ ಮಾಡುತ್ತಾ ಬಾಯಲ್ಲಿ ಅದನ್ನು ಹೇಳಿಕೊಳ್ಳಲು ಹೋದೆ. ಬಾಯಿಗೆ ಬರಲಿಲ್ಲ. ಆಗ ನೆನಪಾಯಿತು.

ನಾಲ್ಕು ವರ್ಷದ ಹಿಂದಿನ ಮಾತು. ಆ ಎಮ್ಮೆ ಹೊಸದಾಗಿ ಬಂದಿತ್ತು, ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ಅವತ್ತೇ ಬೆಳಗ್ಗೆ ಅತ್ತೆ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದಿದ್ದರು. ಒದೆ ತಿಂದು, ಹಾಲು ಚೆಲ್ಲಿ, ನಾನು ಕೊಟ್ಟಿಗೆಯಲ್ಲಿ ನಿಂತು ಅತ್ತೆಯ ಹೆಸರು ಹಿಡಿದು ಎಮ್ಮೆಯನ್ನು ಬೈದೆ. ಮಾರನೆ ದಿನವೂ ಬೈದೆ. ವಾರದಲ್ಲಿ ಅದೇ ಅದರ ಹೆಸರಾಯಿತು. ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಏನಾದರೂ ಹೇಳುವುದಿದ್ದರೆ ನಡುಮನೆಯ ಕಂಬಕ್ಕೆ ಹೇಳುತ್ತಾರೆ, "ಅಕ್ಕಿ ಮುಗೀತು ಕಂಬವೇ" ಅಂತ. ನಾನು ಕೇಳಿಸಿಕೊಂಡು ತರುತ್ತೇನೆ. ನಾಲ್ಕು ವರ್ಷದಲ್ಲಿ ಅದು ಎಮ್ಮೆಯ ಹೆಸರು ಅನ್ನುವುದಷ್ಟೇ ನನ್ನ ತಲೆಯಲ್ಲಿ ಉಳಿದಿತ್ತು, ಎಲ್ಲಿಂದ ಬಂತು ಅನ್ನುವುದು ಮರೆತೇ ಹೋಗಿತ್ತು.

ಖಾಸಿಂ ಸಾಬರಿಗೆ ಫೋನ್ ಮಾಡಿದೆ. ವಿಷಯ ಹೇಳಿದೆ.

"ಅಲ್ಲಾ!" ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮತ್ತೆಗೆ ಈ ಕಡೆ ನೆಂಟರು ಯಾರೂ ಇಲ್ವಾ?"

"ಇಲ್ಲ. ಹುಟ್ಟಿದ್ದೂ ಇಲ್ಲೇ, ಕೊಟ್ಟಿದ್ದೂ ಇಲ್ಲೇ. ಹೊಳೆ ದಾಟಿದೋರೇ ಅಲ್ಲ."

"ಇಲ್ಲಿ ಶಾಲೇಲಿ ನಿಮ್ಮೂರಿನದಿಲ್ಲ, ನಮ್ಮೂರಿನ ಮತದಾರರ ಪಟ್ಟಿ ಇದೆ, ಮುನ್ನೂರು ಹೆಂಗಸರ ಹೆಸರದೆ. ಒಂದೊಂದೇ ಹಾಕಿ ನೋಡ್ತೀನಿ. ಆದರೆ ಅಕ್ಕಾ, ಈ ಮುದಿ ಮಿಷನ್ನು ಒಂದು ಪಾಸ್‌ವರ್ಡು ಸರಿಯೋ ತಪ್ಪೋ ಹೇಳೋಕೆ ಎರಡು ನಿಮಿಷ ತಗೊಳ್ತದೆ."

ಮುನ್ನೂರಕ್ಕೆ ಹತ್ತು ಗಂಟೆ. ಹೊತ್ತು ಮುಳುಗಲು ಏಳು ಗಂಟೆಯೂ ಉಳಿದಿರಲಿಲ್ಲ.

ಗುರುಬಸಪ್ಪನವರು ಕಿಟಕಿಯಲ್ಲಿ ಇಣುಕಿದರು. "ಯಾಕಮ್ಮ ತಡ? ಜನ ಬಿಸಿಲಲ್ಲಿ ನಿಂತವ್ರೆ." ಹಿಂದಿನಿಂದ ಯಾರೋ, "ಮಿಷನ್ನು ನಿದ್ದೆ ಮಾಡ್ತಿರಬೇಕು, ಕಾಫಿ ಕೊಡಿ" ಅಂದ. ಜನ ನಕ್ಕರು. ನನಗೆ ಇನ್ನು ಮುಚ್ಚಿಡುವುದಕ್ಕೆ ಆಗಲಿಲ್ಲ. ಹೊರಗೆ ಬಂದು ಜಗಲಿಯ ಮೇಲೆ ನಿಂತು ಎಲ್ಲ ಹೇಳಿದೆ. ಎಮ್ಮೆಯ ವಿಷಯವನ್ನೂ ಹೇಳಿದೆ, ಅತ್ತೆ ಮೂರು ಮಾರು ದೂರದಲ್ಲಿ ಕೂತಿರುವಾಗಲೇ.

ಎಲ್ಲರೂ ಒಟ್ಟಿಗೆ ಮಾತಾಡಿದರು. ಒಂದು ವಾರದ ಕೂಸನ್ನು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ಅಳುವುದಕ್ಕೆ ಶುರುಮಾಡಿದಳು. ಗೇಟಿನ ಹತ್ತಿರ ನಿಂತಿದ್ದ ಒಬ್ಬ, "ಪುಸ್ತಕ ಬೇಡ ಅಂದೋಳು ಇವಳೇ ಅಲ್ವಾ? ಇವಳ ಸೊಕ್ಕಿಗೆ ನಮ್ಮಪ್ಪನ ಹೆಸರು ಹೋಗಬೇಕಾ?" ಅಂತ ಮುಂದೆ ಬಂದ. ಬೇರೆ ದಿನವಾಗಿದ್ದರೆ ಅವನಿಗೆ ನೀರಿಳಿಸುತ್ತಿದ್ದೆ. ಅವತ್ತು ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಗುರುಬಸಪ್ಪನವರು ನಡುವೆ ಬಂದು ತಡೆದರು. "ನಾ ಹೇಳ್ದೆ" ಅನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ.

ಅತ್ತೆ ಎದ್ದು ನಿಂತರು. ನನ್ನ ಮುಖ ನೋಡಲಿಲ್ಲ. ಒರಗಿದ್ದ ಜಗಲಿ ಕಂಬದ ಕಡೆ ತಿರುಗಿ, "ಇವಳಿಗೆ ಮರೆತಿರಬೌದು ಕಂಬವೇ. ಎಮ್ಮೆಗೆ ಮರೆತಿರಲ್ಲ," ಅಂದರು.

ಜನ ಅವರ ಕಡೆ ತಿರುಗಿದರು.

"ಹೊಳೆಯಾಚೆ ಹೊಡಕೊಂಡು ಹೋಗಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗಲಿ. ತನ್ನ ಹೆಸರಿಗೆ ಅದು ಕಿವಿ ಎತ್ತಲ್ವಾ? ಆಮೇಲೆ ಅದೊಂದನ್ನೇ ಮಿಷನ್ನಿಗೆ ಹಾಕಲಿ," ಅಂತ ಕಂಬಕ್ಕೆ ಹೇಳಿ, ಫೋಟೋವನ್ನು ಸೆರಗಿಗೆ ಬಿಗಿದುಕೊಂಡು, ಮನೆಯ ಕಡೆ ನಡೆದೇಬಿಟ್ಟರು. ನಾನು ಹಿಂದಿನಿಂದ ಓಡಿದೆ.

ಎಮ್ಮೆ ನನಗೆ ಹಗ್ಗ ಬಿಚ್ಚಲು ಬಿಡಲಿಲ್ಲ. ನಾನು ಎಳೆದಷ್ಟೂ ಹಿಂದಕ್ಕೆ ಜಗ್ಗಿತು. ಬಾಯಿ ತುಂಬಾ ಬೈಯೋಣ ಅಂದರೆ ಬೈಯುವುದಕ್ಕೆ ಹೆಸರಿಲ್ಲ. ಅತ್ತೆ ಬಂದು ಹಗ್ಗ ಕಿತ್ತುಕೊಂಡು, ಅದರ ಕತ್ತನ್ನು ಎರಡು ಸಲ ಸವರಿ ಮುಂದೆ ನಡೆದರು. ಅದು ಮರಿಯ ಹಾಗೆ ಹಿಂದೆ ಹೋಯಿತು. ನಾನು ಅದರ ಹಿಂದೆ. ಎಪ್ಪತ್ತೆರಡು ವರ್ಷದ ಮುದುಕಿ ಬರಿಗಾಲಲ್ಲಿ ಕಾದ ಸೇತುವೆ ದಾಟಿದರು. ನನ್ನ ಚಪ್ಪಲಿ ಬಿಟ್ಟು ಮುಂದಿಟ್ಟರೆ ಪಕ್ಕಕ್ಕೆ ಸರಿದು ಹೋದರು. ಎಮ್ಮೆಯ ಓಟಕ್ಕೆ ನಾವು, ನಮ್ಮ ಓಟಕ್ಕೆ ಎಮ್ಮೆ. ಗಿರಣಿ ತಲುಪುವಾಗ ಎರಡೂವರೆ ಆಗಿತ್ತು.

ಖಾಸಿಂ ಸಾಬರು ಗಿರಣಿ ನಿಲ್ಲಿಸಿ, ಪಟ್ಟಿ ಹಿಡಿದು ಅಂಗಳದಲ್ಲಿ ಕಾಯುತ್ತಿದ್ದರು. ಕಂಪ್ಯೂಟರಿನಲ್ಲಿ ಅವರು ಮೂವತ್ತು ನಲವತ್ತು ಹೆಸರು ಹಾಕಿ ನೋಡಿ ಆಗಿತ್ತು, ಯಾವುದೂ ಅಲ್ಲ. ಹಿಟ್ಟು ಬೀಸಿಸಲು ಬಂದಿದ್ದ ಹೆಂಗಸರು ಡಬ್ಬಗಳ ಮೇಲೆ ಕೂತು ನೋಡುತ್ತಿದ್ದರು. ಅತ್ತೆ ಎಮ್ಮೆಯನ್ನು ಬೇವಿನ ಮರಕ್ಕೆ ಕಟ್ಟಿ ಪಕ್ಕದ ಕಲ್ಲಿನ ಮೇಲೆ ಕೂತರು. ಹೊಳೆ ದಾಟಿದರೂ ಉದುರಿದ ಹೆಸರು ತಾನಾಗಿ ನೆನಪಾಗುವುದಿಲ್ಲ, ಆದರೆ ಆಚೆ ದಡದಲ್ಲಿ ಬೇರೆಯವರು ಹೇಳಿದ ಹೆಸರು ನಮ್ಮ ಕಿವಿಗೆ ಕೇಳಿಸುತ್ತದೆ, ಬಾಯಿಗೂ ಬರುತ್ತದೆ. ತಿರುಗಿ ಸೇತುವೆ ದಾಟಿದರೆ ಮತ್ತೆ ಉದುರುತ್ತದೆ, ಅಷ್ಟೇ.

ಖಾಸಿಂ ಸಾಬರು ಮೊದಲು ತಾವೇ ಕೂಗಿದರು. "ಸಾಕಮ್ಮ... ಚೌಡಮ್ಮ... ಬೋರಮ್ಮ..." ಎಮ್ಮೆ ಮೆಲುಕು ಹಾಕುತ್ತಿತ್ತು. ಇಪ್ಪತ್ತು ಹೆಸರಾಯಿತು, ನಲವತ್ತಾಯಿತು. ಅದರ ಬಾಲವೂ ಅಲ್ಲಾಡಲಿಲ್ಲ.

"ಹಂಗೆ ಸಕ್ಕರೆ ಹಾಕಿ ಕರೆದರೆ ಅದಕ್ಕೆ ಹೆಂಗೆ ಗೊತ್ತಾಗಬೇಕು ಬೇವಿನಮರವೇ," ಅಂದರು ಅತ್ತೆ. "ಅದು ಕೇಳಿರೋದು ಬೈಗುಳದ ಜೊತೇಲಿ."

ಖಾಸಿಂ ಸಾಬರು ನನ್ನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿ ಎದ್ದು ನಿಂತೆ. ಅವರು ತಾವು ಕೂಗಿದ್ದನ್ನೂ ಸೇರಿಸಿ ಮತ್ತೆ ಮೆಲ್ಲಗೆ ಓದುತ್ತಾ ಹೋದರು, ನಾನು ಕೊಟ್ಟಿಗೆಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ. "ಏಯ್ ಕೆಂಪಮ್ಮ! ಸರ್ಕೊಳ್ಳೇ! ಏಯ್ ಪುಟ್ಟಮ್ಮ! ನಿನ್ ಕಾಲ್ ಮುರೀತೀನಿ!" ಡಬ್ಬದ ಮೇಲೆ ಕೂತಿದ್ದ ಪುಟ್ಟಮ್ಮ ಅನ್ನುವವಳು ಎದ್ದು ನಿಂತು, "ಯಾಕಮ್ಮ, ನಾನೇನು ಮಾಡಿದೆ?" ಅಂದಳು. ಉಳಿದವರು ಬಿದ್ದುಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಬೇವಿನ ಮರದ ನೆರಳು ಅಂಗಳ ದಾಟಿ ಗೋಡೆ ಹತ್ತುತ್ತಿತ್ತು. ಗಂಟಲು ಹರಿದುಹೋಗಿತ್ತು. ಅರ್ಧಕ್ಕೆ ಅರ್ಧ ಪಟ್ಟಿ ಮುಗಿದಿತ್ತು. ಆ ಹೆಸರು ಈ ಊರಿನಲ್ಲಿ ಯಾರಿಗೂ ಇಲ್ಲದಿದ್ದರೆ ಅನ್ನುವ ಯೋಚನೆ ಬಂತು.

"ದೇವೀರಮ್ಮ," ಓದಿದರು ಖಾಸಿಂ ಸಾಬರು.

"ಏಯ್ ದೇವೀರಮ್ಮ! ನೆಟ್ಟಗೆ ನಿಂತ್ಕೊಳ್ಳೇ, ಹಾಳಾದೋಳೇ!"

ಎಮ್ಮೆ ಮೆಲುಕು ನಿಲ್ಲಿಸಿತು. ಎರಡೂ ಕಿವಿ ನಿಮಿರಿಸಿ, ಹಗ್ಗ ಜಗ್ಗಿ, ದಡದಡ ಹಿಂದೆ ಸರಿದು ಅತ್ತೆಯ ಬೆನ್ನ ಹಿಂದೆ ನಿಂತುಕೊಂಡಿತು. ಅತ್ತೆಯೂ ಕಲ್ಲಿನಿಂದ ಅರ್ಧ ಎದ್ದಿದ್ದರು. ಕೂಗಿದ್ದಕ್ಕೆ ಎದ್ದರೋ, ಎಮ್ಮೆ ನೂಕಿತೋ ಗೊತ್ತಿಲ್ಲ. ಅಂಗಳದಲ್ಲಿ ಒಬ್ಬರೂ ನಗಲಿಲ್ಲ. ಅಪರಿಚಿತರ ಮುಂದೆ ಎಪ್ಪತ್ತೆರಡು ವರ್ಷದ ಹೆಂಗಸಿಗೆ ಅವರ ಹೆಸರನ್ನು ನಾನು ಹಾಳಾದೋಳೇ ಅಂತ ಸೇರಿಸಿ ಕೊಟ್ಟಿದ್ದೆ.

ಖಾಸಿಂ ಸಾಬರು ಒಳಗೆ ಓಡಿದರು. ಒತ್ತಿದರು. ಎರಡು ನಿಮಿಷ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಪರದೆಯ ಮೇಲೆ ಒಂದು ಸಾಲು ಬಂತು, ಆಮೇಲೆ ಇನ್ನೊಂದು, ಆಮೇಲೆ ಹೆಸರುಗಳ ಫೈಲುಗಳು ಒಂದರ ಹಿಂದೆ ಒಂದು ಇಳಿಯತೊಡಗಿದವು. "ತೆಗೀತು ಅಕ್ಕಾ! ನೀವು ಓಡಿ. ನೀವು ಅಲ್ಲಿಗೆ ಹೋಗೋದರೊಳಗೆ ನಿಮ್ಮ ಮಿಷನ್ನಿಗೆ ಕಳಿಸಿರ್ತೀನಿ." ಓಡಿದೆ. ಅತ್ತೆಯನ್ನು ಕರೆಯಲು ತಿರುಗಿದರೆ ಅವರು ಆಗಲೇ ಎಮ್ಮೆಯ ಜೊತೆ ರಸ್ತೆಯಲ್ಲಿದ್ದರು. ಸೇತುವೆಯ ನಡುವೆ ಬಾಯಲ್ಲಿದ್ದ ಹೆಸರು ಮತ್ತೆ ಉದುರಿತು. ಉದುರಲಿ, ಅದು ಇರಬೇಕಾದ ಕಡೆ ಇತ್ತು.

ಐದು ಗಂಟೆಗೆ ಹಾಳೆಗಳು ಅಚ್ಚಾದವು. ನಾಲ್ಕು ಕಿಟಕಿಗಳಲ್ಲಿ ನಾಲ್ಕು ಜನ ಕೂತು ಓದಿದೆವು. ಓದಿದ ಹಾಗೆಲ್ಲ ಜನ ಒಂದು ಸಲ ಕಣ್ಣು ಮುಚ್ಚಿ ತೆರೆದು ಹೋಗುತ್ತಿದ್ದರು. ಮೇಲೆ ಬೀಳಲು ಬಂದಿದ್ದವನು ನನ್ನ ಕಿಟಕಿಗೇ ಬಂದ. ಅವನದನ್ನೂ ಅವನಪ್ಪನದನ್ನೂ ಓದಿದೆ. ಅವನೂ ಕಣ್ಣು ಮುಚ್ಚಿ ತೆರೆದು ಹೋದ. ಅತ್ತೆ ಮುಂದೆ ಬರಲಿಲ್ಲ, ಹಿಂದಿನವರನ್ನೆಲ್ಲ ಮುಂದೆ ಬಿಡುತ್ತಿದ್ದರು. ಅವರು ನನ್ನ ಕಿಟಕಿಗೆ ಬರುವಾಗ ಬಿಸಿಲು ತೆಂಗಿನ ಗರಿಯ ತುದಿಯಲ್ಲಿತ್ತು. ಫೋಟೋವನ್ನು ಸರಳಿನ ಮುಂದೆ ಹಿಡಿದರು.

"ತೊರೆಸ್ವಾಮಿ," ಓದಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅತ್ತೆ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದರು, ಅದರ ಮೇಲೆ ಏನೂ ಇರಲಿಲ್ಲ.

"ದೇವೀರಮ್ಮ," ಓದಿದೆ, ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ. ಆಮೇಲೆ ಹೇಳಿದೆ, "ತಪ್ಪಾಯ್ತು ಅತ್ತೆ. ನಾಳೆ ಎಮ್ಮೆಗೆ ಬೇರೆ ಹೆಸರಿಡ್ತೀನಿ."

"ಬ್ಯಾಡ."

ಕಂಬಕ್ಕಲ್ಲ, ನನಗೆ. ನಾನು ಅವರ ಮುಖವನ್ನೇ ನೋಡಿದೆ.

"ಗಂಡ ಹೋದ, ನನ್ನ ವಾರಗೆಯೋರು ಹೋದರು. ಊರಿಗೆಲ್ಲ ನಾನು ಅಜ್ಜಿ. ವರ್ಷಕ್ಕೊಂದು ಸಲ ಇಲ್ಲಿ ಹೆಸರು ಇಸ್ಕೊಂಡು ಹೋಗ್ತೀನಿ, ಅದನ್ನ ಹಿಡಿದು ಕೂಗೋರು ಯಾರವ್ರೆ? ಬೆಳಗ್ಗೆ ಬೆಳಗ್ಗೆ ಕೊಟ್ಟಿಗೇಲಿ ಅರಚ್ತೀಯಲ್ಲ, ಅದೊಂದೇ."

"ಮತ್ತೆ ನಾಲ್ಕು ವರ್ಷ ಯಾಕೆ ಮಾತು ಬಿಟ್ರಿ?"

"ಬೈಕೊಂಡು ಕರೀತಿದ್ದೆಯಲ್ಲೇ, ಅದಕ್ಕೆ," ಅಂದು, ಫೋಟೋ ಸುತ್ತಿಕೊಂಡು, ಮೆಟ್ಟಿಲಿಳಿದರು. ಗುರುಬಸಪ್ಪನವರು ಪಕ್ಕದ ಕಿಟಕಿಯಿಂದ ಬಗ್ಗಿ, ನನ್ನ ಹಾಳೆಯನ್ನು ಎಳೆದುಕೊಂಡು, ನನ್ನ ಮುಖ ನೋಡಿ "ಜಯಶೀಲಾ" ಅಂತ ಓದಿದರು. ನನ್ನದು ಉಳಿದಿದೆ ಅನ್ನುವುದೇ ನನಗೆ ಮರೆತಿತ್ತು.

ಬುಧವಾರ ಸೇತುವೆ ದಾಟಿ ಹೋಗಿ, ಪಾಸ್‌ವರ್ಡ್ ಬದಲಾಯಿಸಿ, ಹೊಸದನ್ನು ಚೀಟಿಯಲ್ಲಿ ಬರೆದು ಖಾಸಿಂ ಸಾಬರ ಕೈಗೇ ಕೊಟ್ಟೆ. ಪುಸ್ತಕದ ನಕಲನ್ನು ಮತ್ತೆ ಶುರುಮಾಡಿದ್ದೇನೆ, ಬರುವ ವರ್ಷ ಅದೂ ಗಾಡಿಯಲ್ಲಿ ಹೋಗುತ್ತದೆ. ಆ ಬುಧವಾರ ಬೆಳಗ್ಗೆ, ಸೇತುವೆಯ ಕಡೆ ಹೊರಡುವ ಮೊದಲು ನಡೆದದ್ದು ಒಂದಿದೆ. ಚೆಂಬು ಹಿಡಿದು ಕೊಟ್ಟಿಗೆಗೆ ಹೋದೆ. ಬೈಗುಳ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡು, "ದೇವೀರಮ್ಮ" ಅಂತ ಬರೀ ಹೆಸರು ಹಿಡಿದು ಕರೆದೆ. ಎಮ್ಮೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆಯಿಂದ ಅತ್ತೆ "ಓ" ಅಂದರು.